ಐದಡಿ ಜಾಗದ ಕರಿಬೇವು

ತೆರಕಣಾಂಬಿಯಲ್ಲಿ ಇಪ್ಪತ್ತೇಳು ವರ್ಷ ನರ್ಸಾಗಿದ್ದ ಗಂಗಾಂಬಿಕೆಗೆ ಬಾಗಿಲು ಬಡಿಯುವ ಸದ್ದಿನಲ್ಲೇ ಅರ್ಧ ಕಾಯಿಲೆ ತಿಳಿದುಹೋಗುತ್ತಿತ್ತು. ಅಂಗೈಯಿಂದ ದಬದಬ ಬಡಿದರೆ ಹೆರಿಗೆ ನೋವು. ಬೆರಳ ಗೆಣ್ಣಿನಿಂದ ಎರಡೇ ಸಲ ತಟ್ಟಿದರೆ ಹೇಳಿಕೊಳ್ಳಲು ನಾಚಿಕೆಯಾಗುವ ಯಾವುದೋ ತೊಂದರೆ. ಚೇಳು ಕಡಿದವರು ಬಾಗಿಲು ಬಡಿಯುತ್ತಲೇ ಇರಲಿಲ್ಲ, ಬೀದಿಯ ತುದಿಯಿಂದಲೇ ಕೂಗಿಕೊಂಡು ಬರುತ್ತಿದ್ದರು. ಉಣ್ಣುವಾಗ, ಮೀಯುವಾಗ, ಹಬ್ಬದ ಹೋಳಿಗೆ ಹೆಂಚಿನ ಮೇಲಿರುವಾಗ ಬರುತ್ತಿದ್ದರು. ‘ಇವರ ಮನೆ ಹಾಳಾಗ, ಒಂದು ತುತ್ತು ನೆಮ್ಮದಿಯಾಗಿ ತಿನ್ನಲು ಬಿಡುವುದಿಲ್ಲ’ ಎಂದು ಬಯ್ದುಕೊಂಡೇ ಆಕೆ ಸೆರಗು ಸಿಕ್ಕಿಸಿ ಹೊರಡುತ್ತಿದ್ದಳು. ಆ ಬಯ್ಗುಳ ಬರೀ ಬಾಯಿಯದೆಂದು ಊರಿಗೆಲ್ಲ ಗೊತ್ತಿತ್ತು. ಆಕೆಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಕೇಳಿದವರಿಗೆ ‘ಬಿಡುವಾಗಲಿಲ್ಲ’ ಎನ್ನುತ್ತಿದ್ದಳು, ಅದು ಮುಕ್ಕಾಲು ಪಾಲು ನಿಜವೇ. ಎರಡು ಸಾವಿರದ ಎರಡರಲ್ಲಿ ಸರ್ಕಾರಿ ಕ್ವಾರ್ಟರ್ಸ್ ಬಿಡುವ ಹೊತ್ತಿಗೆ ಹರವೆಯಲ್ಲಿದ್ದ ತಮ್ಮ ಬಂದು ನಮ್ಮನೆಯಲ್ಲೇ ಇದ್ದುಬಿಡು ಎಂದ. ಇನ್ನೊಬ್ಬರ ಅಡುಗೆಮನೆಯಲ್ಲಿ ಕೇಳಿ ಉಣ್ಣುವುದು ಆಕೆಗೆ ಆಗದ ಮಾತು. ಹುಟ್ಟಿದಾರಭ್ಯ ಯಾರನ್ನೂ ಏನನ್ನೂ ಕೇಳಿದವಳಲ್ಲ. ಉಪ್ಪು ಮುಗಿದರೆ ಸಪ್ಪೆ ಉಂಡು ಮಲಗಿದಳೇ ಹೊರತು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದವಳಲ್ಲ. ನರ್ಸಾದವಳು ಒಂದು ಮನೆಯಲ್ಲಿ ಇಸಿದುಕೊಂಡರೆ ಇನ್ನೊಂದು ಮನೆಯವರು ಮುಖ ಊದಿಸುತ್ತಾರೆ ಎಂದು ಶುರುವಾದದ್ದು ಆಮೇಲೆ ಒಂದು ಜಂಬವಾಗಿ ಕೂತುಬಿಟ್ಟಿತು. ಹಾಗಾಗಿ ಚಾಮರಾಜನಗರದ ಹೊಸ ಬಡಾವಣೆಯಲ್ಲಿ ಯಾವತ್ತೋ ತೆಗೆದಿಟ್ಟಿದ್ದ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಪುಟ್ಟ ಮನೆ ಕಟ್ಟಿಸಿ, ಒಬ್ಬಳೇ ಬಂದು ಹಾಲುಕ್ಕಿಸಿದಳು.

ಗೇಟಿಗೆ ಹಕ್ಕಿ ಕೂಗುವ ಕಾಲಿಂಗ್ ಬೆಲ್ ಹಾಕಿಸಿದ್ದಳು. ಮೊದಲು ಅದನ್ನು ಒತ್ತಿದವನು ಕರೆಂಟ್ ಮೀಟರ್ ನೋಡುವವನು. ಎರಡನೆಯ ಸಲ ಒತ್ತಿದವನೂ ಅವನೇ, ಮುಂದಿನ ತಿಂಗಳು. ಎದುರುಮನೆಯ ಮೇಷ್ಟರ ಹೆಂಡತಿ ರಮ್ಯ ರಂಗೋಲಿ ಹಾಕುವಾಗ ಕಣ್ಣಿಗೆ ಬಿದ್ದರೆ ನಗುತ್ತಿದ್ದಳು, ‘ತಿಂಡಿ ಆಯ್ತಾ ಆಂಟಿ’ ಎನ್ನುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಕೆಟ್ಟವಳೇನಲ್ಲ. ಟೌನಿನಲ್ಲಿ ಕೆಲಸವಿಲ್ಲದೆ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ, ಅಷ್ಟೇ. ಬೆಲ್ ಕೆಟ್ಟಿದೆಯೇನೋ ಎಂದು ಗಂಗಾಂಬಿಕೆ ಆಗಾಗ ತಾನೇ ಹೊರಗೆ ಹೋಗಿ ಒತ್ತಿ ನೋಡುತ್ತಿದ್ದಳು. ಹಕ್ಕಿ ಚೆನ್ನಾಗಿಯೇ ಕೂಗುತ್ತಿತ್ತು.

ಆ ಆಷಾಢದಲ್ಲಿ ಒಂದು ಬೆಳಿಗ್ಗೆ ಟಿವಿಎಸ್ ಗಾಡಿಯ ಹಿಂದೆ ಗಿಡಗಳ ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಸಾಬರು ಬೀದಿಗೆ ಬಂದರು. ಗುಂಡ್ಲುಪೇಟೆಯಲ್ಲಿ ಸಣ್ಣ ನರ್ಸರಿ ಇಟ್ಟುಕೊಂಡಿದ್ದ ಇನಾಯತ್ ಉಲ್ಲಾ. ಮುಂಚೆ ತೆರಕಣಾಂಬಿಯಲ್ಲಿದ್ದವರು. ಗೇಟಿನಲ್ಲಿ ನಿಂತ ಹೆಂಗಸನ್ನು ನೋಡಿ ಗಾಡಿಯನ್ನು ಅಲ್ಲೇ ನಿಲ್ಲಿಸಿದರು.

“ಅಯ್ಯೋ, ನರ್ಸಮ್ಮೋರೆ! ನಮ್ ನಗ್ಮಾನ ಭೂಮಿಗೆ ಇಳಿಸ್ದೋರು ನೀವು. ಇಲ್ಲಿದ್ದೀರಾ ಈಗ?”

“ಇಲ್ಲೇ ಇವ್ನಿ ಸಾಬ್ರೇ. ಒಳಕ್ಕೆ ಬನ್ನಿ, ಟೀ ಕುಡಿರಿ. ಈ ಐದಡಿ ಜಾಗಕ್ಕೆ ಒಂದು ಮರ ಹೇಳಿ.”

ಇನಾಯತ್ ಉಲ್ಲಾ ಗಿಡ ಮಾರುವ ರೀತಿಯೇ ಬೇರೆ. ಕೇಳಿದ್ದನ್ನು ಕೊಟ್ಟು ಕೈ ತೊಳೆದುಕೊಳ್ಳುವವರಲ್ಲ. ಚಪ್ಪಲಿ ಬಿಟ್ಟು ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಜಾಗ ಅಳೆದರು. ಸಂಪು ಎಲ್ಲಿದೆ, ಪೈಪು ಯಾವ ಕಡೆ ಹೋಗಿದೆ, ತಲೆಯ ಮೇಲೆ ಕರೆಂಟ್ ತಂತಿ ಎಷ್ಟೆತ್ತರದಲ್ಲಿದೆ ನೋಡಿದರು. ಒಂದು ಕೊಡ ನೀರು ಸುರಿದು, ಅದು ಇಂಗುವವರೆಗೆ ಕುಕ್ಕರಗಾಲಲ್ಲಿ ಕೂತು ಟೀ ಕುಡಿದರು.

“ಮಣ್ಣಿಲ್ಲ ನರ್ಸಮ್ಮೋರೆ, ಬರೀ ಗಾರೆ ಪುಡಿ. ಮನೆ ಕಟ್ದೋರು ಉಳ್ದಿದ್ದೆಲ್ಲ ಇಲ್ಲೇ ಸುರ್ದವ್ರೆ. ಬ್ಯಾಸಗೇಲಿ ನೀರು ಎಷ್ಟ್ ದಿನಕ್ಕೆ ಬತ್ತದೆ?”

“ನಾಕು ದಿನಕ್ಕೊಂದ್ ಸಲ.”

“ಅಂಗಾರೆ ನಾಜೂಕಿನ್ ಗಿಡ ಬ್ಯಾಡ. ಬಿಸ್ಲು ತಡೆಯೋದು, ಬೇರು ಗೋಡೆಗೆ ನುಗ್ದೆ ಇರೋದು ಬೇಕು.”

“ಸಂಪಿಗೆ ಹಾಕಿದ್ರೆ?”

“ನಿಮ್ಮನೇನ ಎತ್ತಿ ಪಕ್ಕದ್ ಸೈಟಲ್ಲಿ ಮಡಗ್ತದೆ. ಹೊಂಗೆ, ಬೇವು ಬಲು ಗಟ್ಟಿ, ಆದ್ರೆ ಅವು ರಸ್ತೆ ಬದಿಗೆ ಸೈ. ಸೀಬೆ ಹಾಕನ? ಎಂಥಾ ನೆಲಕ್ಕೂ ಒಂದ್ಕತದೆ.”

ಗಂಗಾಂಬಿಕೆ ಯೋಚಿಸಿದಳು. ಸೀಬೆಗೆ ಮಕ್ಕಳು ಬರುತ್ತವೆ, ಕಲ್ಲು ಹಿಡಿದು ಬರುತ್ತವೆ, ತಾನು ಬಾಗಿಲು ತೆಗೆದ ಕೂಡಲೇ ಓಡಿಹೋಗುತ್ತವೆ. ಸಾಬರು ದೇವಗಣಗಿಲೆ ಎಂದರು. ರೆಂಬೆ ಮುರಿದು ನೆಟ್ಟರೆ ಸಾಕು, ನೀರೇ ಕೇಳುವುದಿಲ್ಲ. ಆದರೆ ಹೂವಿನ ಗಿಡದ ಕಥೆ ಆಕೆಗೆ ಗೊತ್ತಿತ್ತು. ಬೆಳಗಿನ ವಾಕಿಂಗಿನವರು ಪ್ಲಾಸ್ಟಿಕ್ ಕವರ್ ಹಿಡಿದು ಕಾಂಪೌಂಡಿನ ಆಚೆಯಿಂದಲೇ ಬಿಡಿಸಿಕೊಂಡು ಮಾತಿಲ್ಲದೆ ನಡೆದುಬಿಡುತ್ತಾರೆ. ನುಗ್ಗೆಗೆ ಕಂಬಳಿಹುಳು, ಅದಕ್ಕೆ ಜಗಳವಾಡಲು ಜನ ಬಂದರೂ ಬಂದಾರು, ಅಂಥ ಬರವು ಬೇಡ.

“ದಿನಾ ಬೆಳಿಗ್ಗೆ ಎದ್ರೆ ಜನಕ್ಕೆ ಬೇಕು ಅನ್ನಿಸ್ಬೇಕು. ಅಂಥದ್ ಯಾವ್ದಾದ್ರೂ ಇದ್ರೆ ಹೇಳಿ” ಎಂದಳು.

ಸಾಬರು ನಕ್ಕರು. “ಎಲ್ಲಾರೂ ಯಾರೂ ಕೈ ಹಾಕ್ದೆ ಇರೋ ಗಿಡ ಕೊಡಿ ಅಂತಾರೆ. ನೀವೊಬ್ರು ಉಲ್ಟಾ!” ಎಂದವರು ಆಕೆಯ ಮುಖ ನೋಡಿದರು. ವರಾಂಡದಲ್ಲಿ ಹೊಸದಾಗಿ ಕೊಂಡಿಟ್ಟ ನಾಲ್ಕು ಕುರ್ಚಿಗಳನ್ನು ನೋಡಿದರು. ಮೂರಕ್ಕೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. ನಗು ನಿಲ್ಲಿಸಿ, “ಕರಿಬೇವು ಹಾಕನ ಬುಡಿ” ಎಂದರು.

ಗಂಗಾಂಬಿಕೆಗೆ ಅದು ಹಿಡಿಸಿತು. ಕರಿಬೇವೆಂದರೆ ಎಣ್ಣೆ ಕಾದ ಮೇಲೆ ನೆನಪಾಗುವ ವಸ್ತು. ಸಾಸಿವೆ ಸಿಡಿಯುವಾಗ ಅಂಗಡಿಗೆ ಓಡಲಾಗುವುದಿಲ್ಲ, ಎದುರುಮನೆಗೆ ಓಡಬಹುದು. ಹೂವನ್ನಾದರೆ ದೇವರ ಹೆಸರಿನಲ್ಲಿ ಕೇಳದೆ ಕಿತ್ತುಕೊಂಡು ಹೋಗುತ್ತಾರೆ. ಕರಿಬೇವಿಗೆ ಬಾಯಿಬಿಟ್ಟು ಕೇಳಬೇಕು, ಇಸಿದುಕೊಂಡ ಮೇಲೆ ಎರಡು ಮಾತಾಡಿ ಹೋಗಬೇಕು, ಅದು ಮರ್ಯಾದೆ.

ಮುಂದಿನ ವಾರ ಸಾಬರು ಎಣ್ಣೆ ಡಬ್ಬದಲ್ಲಿ ಬೆಳೆಸಿದ್ದ ಮೊಣಕಾಲುದ್ದದ ಗಿಡ ತಂದರು. ಗಾರೆ ಪುಡಿಯನ್ನೆಲ್ಲ ತೋಡಿ ತೆಗೆದು, ಕೆಮ್ಮಣ್ಣು ಗೊಬ್ಬರ ತುಂಬಿ, ಗೇಟಿನ ಬಲಗಡೆಗೆ ನೆಟ್ಟರು. ಆ ವರ್ಷ ಮಳೆ ಕೈಕೊಟ್ಟಿತು, ಅದರ ಮುಂದಿನ ವರ್ಷವೂ ಅಷ್ಟಕ್ಕಷ್ಟೆ. ಗಂಗಾಂಬಿಕೆ ಅಕ್ಕಿ ತೊಳೆದ ನೀರು ಹಾಕಿದಳು, ಹುಳಿ ಮಜ್ಜಿಗೆ ಹಾಕಿದಳು, ಹೂ ಬಂದರೆ ಚಿವುಟಿದಳು. ಗಿಡ ತಡಮಾಡಿ ಬೆಳೆಯಿತು, ಆದರೆ ಸಾಯಲಿಲ್ಲ. ಮೂರನೆಯ ವರ್ಷಕ್ಕೆ ಅದರ ತಲೆ ಕಾಂಪೌಂಡಿನ ಮೇಲೆ ಕಂಡಿತು.

ಒಂದು ಬೆಳಿಗ್ಗೆ ಹಕ್ಕಿ ಕೂಗಿತು. ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ಗಂಗಾಂಬಿಕೆ ಓಡಿಬಂದಳು.

“ಆಂಟಿ, ತಪ್ಪು ತಿಳ್ಕೋಬೇಡಿ, ಒಲೆ ಮೇಲೆ ಒಗ್ಗರಣೆ ಇದೆ. ಎರಡು ಎಸಳು ಕರಿಬೇವು...” ಎಂದಳು ರಮ್ಯ.

ತಪ್ಪು ತಿಳಿದುಕೊಳ್ಳುವುದೇ! ಎರಡು ಕೇಳಿದವಳಿಗೆ ಆರು ಕೊಟ್ಟಳು. ರಮ್ಯಳಿಂದ ಪಕ್ಕದ ಲೈನ್‌ಮ್ಯಾನ್ ಮನೆಗೆ, ಅಲ್ಲಿಂದ ಮೂಲೆಯಲ್ಲಿ ಬಟ್ಟೆ ಹೊಲಿಯುವ ಮಹಮೂದಾಳಿಗೆ ಸುದ್ದಿ ಹೋಯಿತು. ತಿಂಗಳೊಳಗೆ ಬೀದಿಯ ಎಂಟು ಮನೆಯವರೂ ಬೆಲ್ ಒತ್ತುವವರಾದರು. ಉದ್ದಕ್ಕೆ ಒತ್ತಿದರೆ ರಮ್ಯ, ಉಪ್ಪಿಟ್ಟು. ಗೇಟನ್ನು ಬೆರಳಿನಿಂದ ತಟ್ಟಿದರೆ ಮಹಮೂದಾ, ಖಾರದ ಸಾರು. ಎಣ್ಣೆ ಕಾಯುತ್ತಿದೆ ಎನ್ನುತ್ತಲೇ ಗೇಟಿಗೆ ಒರಗಿಕೊಂಡು ಅತ್ತೆಯ ಮಂಡಿನೋವು, ಮಗುವಿನ ಕೆಮ್ಮು, ಗಂಡನ ಸಿಟ್ಟು ಎಲ್ಲ ಹೇಳಿ, ಕೊನೆಗೆ ಅಯ್ಯೋ ಎಂದು ಓಡುತ್ತಿದ್ದರು. ‘ಒಂದು ತುತ್ತು ನೆಮ್ಮದಿಯಾಗಿ ತಿನ್ನಲು ಬಿಡುವುದಿಲ್ಲ’ ಎಂದು ಗಂಗಾಂಬಿಕೆ ಗೊಣಗಿದಳು. ಎಷ್ಟೋ ವರ್ಷದ ಮೇಲೆ ಗೊಣಗಿದ್ದು, ತುಂಬಾ ಹಿತವಾಗಿತ್ತು.

ಆಮೇಲಿನ ತಪ್ಪು ಯಾರದೆಂದು ಹೇಳುವುದು? ಕರಿಬೇವಿನ ಬುಡದಲ್ಲಿ ಮರಿ ಏಳುವುದು ಆ ಗಿಡದ ಸ್ವಭಾವ. ಒಂದು ದಿನ ರಮ್ಯಳ ಅತ್ತೆ ಮಲ್ಲಾಜಮ್ಮ ಕೋಲೂರಿಕೊಂಡು ಬಂದವಳು ಗಿಡದ ಬುಡ ನೋಡಿ ಕಣ್ಣರಳಿಸಿದಳು.

“ಮರಿ ಎದ್ದವಲ್ಲ ಕಣವ್ವ! ನಮ್ಮನೆಗೂ ಒಂದ ಕದ್ಕಂಡ್ ಓಯ್ತೀನಿ.”

“ಕದಿಯೋದ್ಯಾಕೆ ಮಲ್ಲಾಜಮ್ಮ, ನಾನೇ ಕೊಡ್ತೀನಿ.”

“ಕೊಟ್ಗಿಟ್ಟೀಯ ಮತ್ತೆ! ಕೈಯಾರೆ ಕೊಟ್ಟ ಕರಿಬೇವು ಅತ್ತಾಕಿಲ್ಲ, ಕದ್ದುದ್ದೇ ಚಿಗುರೋದು. ನೀನು ಕಿತ್ತು ಗೇಟಿನಾಚ್ಗೆ ಮಡಗ್ಬುಡು. ಮಡಗ್ಬುಟ್ಟು ಅತ್ಲಾಗ್ ತಿರುಕ್ಕೊ. ಮಾತಾಡ್ಬ್ಯಾಡ, ಕೂಗ್ಬ್ಯಾಡ.”

ಗಂಗಾಂಬಿಕೆ ಬೇರಿಗೆ ಪೆಟ್ಟಾಗದಂತೆ ಮರಿ ಎಬ್ಬಿಸಿ, ಒದ್ದೆ ಗೋಣಿಚೀಲದ ಚೂರಿನಲ್ಲಿ ಸುತ್ತಿ, ಗೇಟಿನ ಹೊರಗಿಟ್ಟು ಒಳಗೆ ಬಂದು ಕಿಟಕಿಯ ಸಂದಿಯಲ್ಲಿ ನಿಂತಳು. ರಮ್ಯ ಕಳ್ಳಿಯ ಹಾಗೆ ಅತ್ತ ಇತ್ತ ನೋಡುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು, ಅದನ್ನೆತ್ತಿಕೊಂಡು ಓಡಿದಳು. ಎದುರುಮನೆಯ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಿಟಕಿಯಲ್ಲಿ ಗಂಗಾಂಬಿಕೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮಳೆಗಾಲ ಮುಗಿಯುವುದರೊಳಗೆ ಎಂಟು ಮನೆಯವರೂ ಬಂದು ಕದ್ದರು. ಕೊಡುವುದರಲ್ಲಿ ಗಂಗಾಂಬಿಕೆಯನ್ನು ಮೀರಿಸುವವರಿರಲಿಲ್ಲ.

ಆಗೊಮ್ಮೆ ಬಂದ ಇನಾಯತ್ ಉಲ್ಲಾ ಬೀದಿಯನ್ನೆಲ್ಲ ನೋಡಿ, “ನನ್ ಹೊಟ್ಟೆ ಮೇಲೆ ಹೊಡ್ದುಬುಟ್ರಲ್ಲ ನರ್ಸಮ್ಮೋರೆ” ಎಂದು ತಮಾಷೆ ಮಾಡಿದರು. ಆಕೆ ನಕ್ಕಳು. ಹೊಡೆತ ಬಿದ್ದದ್ದು ಯಾರಿಗೆಂದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಎರಡು ವರ್ಷ ಕಳೆಯಿತು. ಕದ್ದ ಗಿಡಗಳೆಲ್ಲ ಹತ್ತಿದವು, ಚಿಗುರಿದವು, ಕಾಂಪೌಂಡಿನ ಮೇಲೆ ತಲೆ ಹಾಕಿದವು. ಹಕ್ಕಿ ಕೂಗುವುದು ಎಂಟರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಯಿತು. ಕೊನೆಗೆ ಮೀಟರಿನವನು ಮಾತ್ರ ಉಳಿದ. ಗಂಗಾಂಬಿಕೆ ತಡೆಯಲಾರದೆ ಒಂದು ತೋಳು ಸೊಪ್ಪು ಮುರಿದುಕೊಂಡು ತಾನೇ ಹೊರಟಳು. ಹೋದ ಮನೆಯಲ್ಲೆಲ್ಲ ಪ್ರೀತಿಯಿಂದಲೇ ಹೇಳಿದರು, “ನಮ್ಮನೇಲೇ ಇದ್ಯಲ್ಲ ಆಂಟಿ, ನಿಮ್ಮದೇ ಮರಿ, ನೋಡಿ ಹೆಂಗಾಗಿದೆ!” ಆಕೆ ನೋಡಿ, ಚೆನ್ನಾಗಿದೆ ಎಂದು, ತೋಳಿನ ತುಂಬ ಸೊಪ್ಪಿನೊಂದಿಗೆ ವಾಪಸು ಬಂದಳು. ಇನ್ನೊಂದು ದಿನ ಸಂಜೆ ರಾಂಗ್ ನಂಬರಿನ ಫೋನೊಂದಕ್ಕೆ ಹಲೋ ಎನ್ನಹೋದರೆ ಗಂಟಲು ಕಟ್ಟಿತ್ತು. ಬೆಳಗಿನಿಂದ ಒಂದು ಮಾತನ್ನೂ ಆಡಿಲ್ಲವೆಂದು ಆಗ ಗೊತ್ತಾಯಿತು. ಆಚೆಯವನು ಫೋನ್ ಇಟ್ಟ ಮೇಲೂ ರಿಸೀವರನ್ನು ಕಿವಿಗೆ ಹಿಡಿದು ನಿಂತಿದ್ದಳು.

ಸಂಕಟವಾಯಿತು. ಸುಮ್ಮನೆ ಸಂಕಟವಲ್ಲ, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಜನ ತೆರಕಣಾಂಬಿಯಲ್ಲಿ ತನ್ನ ಬಾಗಿಲು ಬಡಿದದ್ದು ತನ್ನ ಮುಖ ನೋಡುವುದಕ್ಕಲ್ಲ, ಅವರಿಗೆ ಏನೋ ಬೇಕಾಗಿತ್ತು. ಬೇಕಾದವರು ಯಾರ ಬಾಗಿಲಿಗೂ ಹೋಗಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ತನಗೆ ಏನೂ ಬೇಡ, ಎಲ್ಲವೂ ಇದೆ. ಎಲ್ಲವೂ ಇರುವ ಹೆಂಗಸು ಯಾರ ಮನೆಗೆ ಏನೆಂದು ಹೋಗಬೇಕು?

ಮರುದಿನ ಬೆಳಿಗ್ಗೆ ಗಂಗಾಂಬಿಕೆ ಗರಗಸ ತೆಗೆದುಕೊಂಡು ಕರಿಬೇವಿನ ಮರವನ್ನು ನೆಲದಿಂದ ಗೇಣಿನಷ್ಟು ಬಿಟ್ಟು ಕೊಯ್ದುಹಾಕಿದಳು. ಐದು ವರ್ಷದ ಮರ, ತೋಳಿನ ದಪ್ಪ, ಕೊಯ್ಯಲು ಅರ್ಧ ಗಂಟೆ ಹಿಡಿಯಿತು. ಬೀದಿಯೆಲ್ಲ ಕರಿಬೇವಿನ ವಾಸನೆ ತುಂಬಿಕೊಂಡಿತು. ಏನಾಯಿತೆಂದು ಕೇಳಲು ಯಾರೂ ಹೊರಗೆ ಬರಲಿಲ್ಲ.

ಎದುರುಮನೆಯ ಬೆಲ್ ಒತ್ತುವ ಮುಂಚೆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಅರವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಒಬ್ಬರನ್ನು ಕೇಳುವುದು. “ರಮ್ಯ, ಎರಡು ಎಸಳು ಕರಿಬೇವು ಇದ್ರೆ ಕೊಡಮ್ಮ.”

“ನಿಮ್ಮ ಮರಕ್ಕೇನಾಯ್ತು ಆಂಟಿ?”

“ಹುಳ ಬಿದ್ದಿತ್ತು. ತೆಗೆಸಿಬಿಟ್ಟೆ.” ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಕಿವಿ ಬಿಸಿಯಾಯಿತು.

ರಮ್ಯ ಒಳ್ಳೆಯ ಹುಡುಗಿ. ಹಿತ್ತಲಿಗೆ ಹೋಗಿ ಒಂದು ಕೊಂಬೆಯನ್ನೇ ಮುರಿದು ತಂದಳು. “ಪೇಪರಲ್ಲಿ ಸುತ್ತಿ ಫ್ರಿಜ್ಜಲ್ಲಿಡಿ, ಒಂದು ವಾರಕ್ಕಾಗುತ್ತೆ. ಬಿಸಿಲಲ್ಲಿ ದಿನಾ ಯಾಕೆ ಓಡಾಡ್ತೀರಿ?” ಎಂದಳು. ಬಾಗಿಲಲ್ಲೇ ಮಾತು ಮುಗಿಯಿತು. ಮಹಮೂದಾಳೂ ಹಾಗೆಯೇ ಒಂದು ಮಡಿಲು ಕೊಟ್ಟಳು. ಫ್ರಿಜ್ಜು ತುಂಬಿತು, ಮತ್ತೆ ಹೋಗಲು ಕಾರಣವಿಲ್ಲವಾಯಿತು. ಕೊಡುವ ಕೈ ಧಾರಾಳವಾದಷ್ಟೂ ಇಸಿದುಕೊಳ್ಳುವವರ ದಾರಿ ಮುಚ್ಚುತ್ತದೆಂದು ಗಂಗಾಂಬಿಕೆಗೆ ಈಗ ಅರ್ಥವಾಯಿತು. ಇದನ್ನೇ ತಾನೂ ಮಾಡಿದ್ದು.

ಇತ್ತ ಮೊಂಡು ಬುಡ ಹದಿನೈದೇ ದಿನಕ್ಕೆ ಚಿಗುರಿತು. ಅದನ್ನು ಚಿವುಟಿದಳು. ಮತ್ತೆ ಚಿಗುರಿತು, ಮತ್ತೆ ಚಿವುಟಿದಳು. ಮುಂಜಾನೆ ಎದ್ದು ಅದೊಂದು ಕೆಲಸವಾಯಿತು. ಸಾವಿರ ಹೆರಿಗೆ ಮಾಡಿಸಿದ ಬೆರಳುಗಳು ಅಕ್ಕಿಕಾಳಿನಷ್ಟು ಚಿಗುರನ್ನು ಹುಡುಕಿ ಹುಡುಕಿ ಕೀಳುತ್ತಿದ್ದವು. ಅಳು ಬರುತ್ತಿತ್ತು, ಆದರೂ ಕೀಳುತ್ತಿದ್ದಳು. ಇನಾಯತ್ ಉಲ್ಲಾ ಬಂದಾಗ ಅವರಿಗೂ ಹುಳದ ಮಾತನ್ನೇ ಹೇಳಿದಳು. ಅವರು ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು.

“ಹುಳ ಬಿದ್ದ ಗಿಡ ಇಂಗ್ ಚಿಗುರಾಕಿಲ್ಲ” ಎಂದರು. ಆಕೆಯ ಉಗುರಿನ ಹಸಿರನ್ನು ನೋಡಿ, ನೋಡದವರಂತೆ ಎದ್ದರು. “ಇದು ಸಾಯೋ ಜಾತಿ ಅಲ್ಲ ನರ್ಸಮ್ಮೋರೆ. ಅದ್ಕೇ ತಂದ್ಕೊಟ್ಟಿದ್ದು ನಾನು.”

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಸದ್ದಾಯಿತು. ಗಂಗಾಂಬಿಕೆ ಓಡಿಬಂದಳು. ಯಾರೂ ಇರಲಿಲ್ಲ. ಗೇಟಿನ ಹೊರಗೆ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಮರಿ. ಎದುರುಮನೆಯ ಬಾಗಿಲು ಆಗಷ್ಟೇ ಮುಚ್ಚಿಕೊಂಡಿತ್ತು, ಒಳಗೆ ಅತ್ತೆ ಸೊಸೆಯರ ಕಿಸಿಕಿಸಿ ನಗು. ಪಾಪದ ನರ್ಸಮ್ಮನ ಮರ ಹಾಳಾಯಿತಲ್ಲ ಎಂದು ಅವಳ ಮರಿಯ ಮರಿಯನ್ನು ಅವಳಿಗೇ ತಂದಿಟ್ಟಿದ್ದರು. ಇಟ್ಟು ಅತ್ತ ತಿರುಗಿದ್ದರು, ಮಾತಾಡಿರಲಿಲ್ಲ, ಕೂಗಿರಲಿಲ್ಲ. ಎಲ್ಲ ಕ್ರಮವಾಗಿಯೇ ಇತ್ತು. ಈಗ ತಾನು ಕಳ್ಳಿಯಂತೆ ಹೋಗಿ ಎತ್ತಿಕೊಂಡು ಬಂದರೆ ಮುಗಿಯಿತು. ಗಿಡ ಬೆಳೆಯುತ್ತದೆ, ಇನ್ನು ಯಾರ ಮನೆಗೂ ಹೋಗಬೇಕಾಗಿಲ್ಲ.

ಆಕೆ ಮುಟ್ಟಲಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತಳು. ಎಂಟಾಯಿತು, ಒಂಬತ್ತಾಯಿತು, ಗೋಣಿ ಒಣಗಿತು, ಎಲೆ ಬಾಡಿ ಜೋತುಬಿತ್ತು. ಉಸಿರಿರುವ ಜೀವವನ್ನು ಬಾಗಿಲಲ್ಲಿ ಬಿಟ್ಟು ಕೂತ ಅಭ್ಯಾಸ ಆಕೆಗಿಲ್ಲ. ಎದ್ದು ಒಂದು ಚೊಂಬು ನೀರು ಸುರಿದು, ಮರಿಯನ್ನೆತ್ತಿಕೊಂಡು, ಒಳಗೆ ತಿರುಗದೆ ಸೀದಾ ರಸ್ತೆ ದಾಟಿ ಎದುರುಮನೆಯ ಬೆಲ್ ಒತ್ತಿದಳು.

“ಅಯ್ಯೋ ಆಂಟಿ!” ಎಂದಳು ರಮ್ಯ. “ಕದ್ದು ಒಳಗೆ ತಗೊಂಡ್ ಹೋಗ್ಬೇಕಿತ್ತು. ಎದುರಿಗೆ ತಂದ್ಬಿಟ್ರಲ್ಲ, ಇನ್ನು ಅದು ಹತ್ತಲ್ಲ.”

“ಹತ್ತೋದು ಬೇಡ ಕಣಮ್ಮ. ಇದನ್ನ ನೀನೇ ಇಟ್ಕೊ.”

“ಯಾಕಾಂಟಿ?”

ಗಂಗಾಂಬಿಕೆ ಹೇಳಿಯೇಬಿಟ್ಟಳು. “ಹುಳ ಬಿದ್ದಿರಲಿಲ್ಲ. ನಾನೇ ಕೊಯ್ದೆ. ನನ್ನ ಮನೇಲಿ ಗಿಡ ಇದ್ರೆ ನಾನು ನಿಮ್ಮನೆಗೆ ಏನಂತ ಬರಲಿ? ಯಾರಾದ್ರೂ ಬೆಲ್ ಒತ್ತಲಿ ಅಂತ ಆ ಮರ ಹಾಕಿದ್ದು. ಮರಿ ಹಂಚಿ ಆ ದಾರೀನೂ ನಾನೇ ಮುಚ್ಕೊಂಡೆ. ಒಂದೊಂದು ದಿನ ನನ್ನ ದನಿ ನನಗೇ ಮರ್ತೋಗುತ್ತೆ.”

ರಮ್ಯ ಮರಿಯನ್ನು ಇಸಿದುಕೊಂಡಳು. ಒಳಗೆ ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು. ಮಂಚದ ಮೇಲೆ ಕೂತಿದ್ದ ಮಲ್ಲಾಜಮ್ಮನಿಗೆ ಎಲ್ಲ ಕೇಳಿಸಿತ್ತು.

“ಬಾಗ್ಲಲ್ಲಿ ನಿಲ್ಸ್ಕಂಡ್ ಏನ್ಲೇ ನೋಡೀಯೆ? ಒಲೆ ಆರ್ಸು. ಬಾ ಕಣವ್ವ ಒಳಕ್ಕೆ, ಇಲ್ಲಿ ಕೂತ್ಕೊ” ಎಂದು ಮುದುಕಿ ಮಂಚದ ಮೇಲೆ ಜರುಗಿದಳು.

ಗಂಗಾಂಬಿಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಐದು ವರ್ಷದಲ್ಲಿ ಆ ಮನೆಯ ಒಳಗನ್ನು ನೋಡಿದ್ದು ಅದೇ ಮೊದಲು. ರಮ್ಯ ಒಲೆ ಆರಿಸಿ, ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದಳು, ಅಭ್ಯಾಸಬಲದಿಂದ ಮತ್ತೆ ಒಂದು ದೊಡ್ಡ ಕೊಂಬೆಯನ್ನೇ ಮುರಿದು ತಂದು ಮುಂದೆ ಹಿಡಿದಳು.

“ಅಷ್ಟು ಬೇಡಮ್ಮ” ಎಂದಳು ಗಂಗಾಂಬಿಕೆ. “ಇವತ್ತಿಗಾಗೋಷ್ಟು ಕೊಡು ಸಾಕು. ನಾಳೇದು ನಾಳೆ ಬಂದು ಇಸ್ಕೋತೀನಿ.”

ರಮ್ಯ ಎರಡೇ ಎರಡು ಎಸಳು ಬಿಡಿಸಿ ಆಕೆಯ ಕೈಯಲ್ಲಿಟ್ಟು, ಉಳಿದ ಕೊಂಬೆಯನ್ನು ತನ್ನ ಬಳಿಯೇ ಇಟ್ಟುಕೊಂಡಳು.